ಜೀವ ಉಳಿಯಿತು, ಇನ್ನು ಬದುಕಿನ ಹೊಣೆ ಯಾರದು?

ಮೂರು ವರ್ಷಗಳ ಹಿಂದೆ ನಮ್ಮ ಪರಿಚಯದ ಯುವಕನೋರ್ವ ಬೈಕಿನಿಂದ ಬಿದ್ದು ತಲೆಗೆ ತೀವ್ರವಾದ ಪೆಟ್ಟು ಮಾಡಿಕೊಂಡಿದ್ದ. ಪಟ್ಟಣದ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ, ಎಲ್ಲರೊಂದಿಗೂ ನಗುತ್ತಾ ಮಾತಾಡುತ್ತಿದ್ದ ಯುವಕ ಆತ. ಇಪ್ಪತ್ತೊಂದು ದಿನ ತೀವ್ರ ನಿಗಾ ಘಟಕದಲ್ಲಿದ್ದ. ಶುಕ್ರವಾರದ ನಮಾಝಿನ ಬಳಿಕ ಮಸೀದಿಯ ಬಾಗಿಲಲ್ಲಿ ಟವೆಲು ಹಾಸಿ ಹಣ ಸಂಗ್ರಹಿಸಲಾಯಿತು. ಕೊಲ್ಲಿ ರಾಷ್ಟ್ರಗಳಲ್ಲಿದ್ದ ಗೆಳೆಯರು ಕಳುಹಿಸಿಕೊಟ್ಟರು. ಅಂತೂ ಜೀವ ಉಳಿಯಿತು. ಆತ ಮನೆಗೆ ಮರಳಿದಾಗ ಊರಿಗೆ ಊರೇ ಸಂತೋಷಪಟ್ಟಿತು. ನಾವೂ ಹೋಗಿ ಕೈ ಕುಲುಕಿ ಬಂದೆವು. ಆ ಬಳಿಕ ಹೋಗಲಿಲ್ಲ.

ಇತ್ತೀಚೆಗೆ ಬೇರೊಂದು ಕಾರಣಕ್ಕಾಗಿ ಆ ಮನೆಗೆ ಹೋಗುವ ಸಂದರ್ಭ ಬಂತು. ಆತ ಚಾವಡಿಯಲ್ಲಿ ಕುಳಿತಿದ್ದ. ಕೈಕಾಲು ಸರಿಯಿತ್ತು, ಮುಖದಲ್ಲಿ ಗಾಯದ ಗುರುತೂ ಹೆಚ್ಚಿರಲಿಲ್ಲ. ನಮ್ಮನ್ನು ಗುರುತಿಸಿ ಸಲಾಮ್ ಹೇಳಿದ. ಆದರೆ ಅರ್ಧ ಗಂಟೆಯಲ್ಲಿ 'ಊಟ ಆಯ್ತಾ' ಎಂದು ನಾಲ್ಕು ಬಾರಿ ಕೇಳಿದ. ಮಕ್ಕಳು ಒಳಗೆ ಗಲಾಟೆ ಮಾಡಿದಾಗ ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಎಸೆದ. ಮರುಕ್ಷಣವೇ ತಲೆ ತಗ್ಗಿಸಿ ಕುಳಿತ. ಹೊರಡುವಾಗ ಬಾಗಿಲಿನ ಮರೆಯಲ್ಲಿ ನಿಂತಿದ್ದ ಆತನ ಪತ್ನಿ ಹೇಳಿದ ಮಾತು ನಮ್ಮನ್ನು ಈಗಲೂ ಕಾಡುತ್ತಿದೆ: "ಅಣ್ಣಾ, ಜೀವ ಉಳಿಯಿತಲ್ಲ, ಶುಕ್ರ್ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಶುಕ್ರ್ ಮಾಡುತ್ತೇನೆ. ಆದರೆ ಆಸ್ಪತ್ರೆಯಿಂದ ಬಂದವರು ನನಗೆ ಗೊತ್ತಿದ್ದ ಮನುಷ್ಯ ಅಲ್ಲ. ಅದನ್ನು ನಾನು ಯಾರಿಗೆ ಹೇಳಲಿ?"

ಈ ಪ್ರಶ್ನೆ ಆಕೆಯೊಬ್ಬಳದ್ದಲ್ಲ. 2022ನೇ ಇಸವಿಯೊಂದರಲ್ಲೇ ಈ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸಾವಿಗೀಡಾದರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಗಾಯಗೊಂಡವರು 4,43,366 ಮಂದಿ. ಸತ್ತವರ ಸಂಖ್ಯೆ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತದೆ. ಗಾಯಗೊಂಡು ಮನೆಗೆ ಮರಳಿದವರು ಬಳಿಕ ಹೇಗೆ ಬದುಕುತ್ತಿದ್ದಾರೆ ಎಂದು ಯಾರೂ ವಿಚಾರಿಸುವುದಿಲ್ಲ. ಅವರಲ್ಲಿ ಮೆದುಳಿಗೆ ಪೆಟ್ಟು ಬಿದ್ದವರ ಪಾಡು ಇನ್ನಷ್ಟು ಕಠಿಣ. ಯಾಕೆಂದರೆ, ಮುರಿದ ಕಾಲಿಗೆ ಹಾಕಿದ ಪ್ಲಾಸ್ಟರ್ ಎಲ್ಲರಿಗೂ ಕಾಣಿಸುತ್ತದೆ, ಮೆದುಳಿನ ಗಾಯ ಕಾಣಿಸುವುದಿಲ್ಲ.

ನಿಜವಾಗಿ ಆ ಯುವಕನಿಗೆ ಆಗಿರುವುದೇನು? ಮೆದುಳು ಗಟ್ಟಿಯಾದ ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುವ ಮೃದುವಾದ ಅಂಗ. ವೇಗದಲ್ಲಿದ್ದ ತಲೆ ಒಮ್ಮೆಲೇ ನಿಂತಾಗ ಒಳಗಿನ ಮೆದುಳು ಮುಂದಕ್ಕೆ ಚಲಿಸಿ ಬುರುಡೆಗೆ ಬಡಿಯುತ್ತದೆ. ಹೆಚ್ಚಾಗಿ ಪೆಟ್ಟು ತಿನ್ನುವುದು ಹಣೆಯ ಹಿಂದಿನ ಭಾಗ ಮತ್ತು ಕಿವಿಯ ಬಳಿಯ ಭಾಗ. ಹಣೆಯ ಹಿಂದಿನ ಭಾಗವು ನಮ್ಮ ಯೋಜನೆ, ತಾಳ್ಮೆ, ನಿಯಂತ್ರಣಗಳ ಕೇಂದ್ರ. 'ಈಗ ಈ ಮಾತು ಬೇಡ' ಎಂದು ನಾಲಗೆಯನ್ನು ತಡೆಯುವುದು ಅದೇ. ಕಿವಿಯ ಬಳಿಯ ಭಾಗಕ್ಕೆ ನೆನಪಿನೊಂದಿಗೆ ಸಂಬಂಧವಿದೆ. ಇದಲ್ಲದೆ ಮೆದುಳಿನ ಉದ್ದಕ್ಕೂ ಹರಡಿರುವ ನರತಂತುಗಳು ಆ ಎಳೆತಕ್ಕೆ ಸಿಕ್ಕಿ ತುಂಡಾಗುವುದೂ ಇದೆ. ಸಾಮಾನ್ಯ ಸ್ಕ್ಯಾನಿಂಗ್‍ನಲ್ಲಿ ಇದು ಸರಿಯಾಗಿ ಕಾಣಿಸದೇ ಇರಬಹುದು. ಆದ್ದರಿಂದಲೇ 'ರಿಪೋರ್ಟ್ ನಾರ್ಮಲ್ ಇದೆ, ಇವನೇ ನಾಟಕ ಮಾಡುತ್ತಿದ್ದಾನೆ' ಎಂಬ ತೀರ್ಮಾನಕ್ಕೆ ಮನೆಯವರು ಬಂದುಬಿಡುತ್ತಾರೆ.

ಇದು ಇಂದು ನಿನ್ನೆಯ ತಿಳುವಳಿಕೆಯಲ್ಲ. 1848ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವರ್ಮಾಂಟ್‍ನಲ್ಲಿ ರೈಲ್ವೆ ಕೆಲಸದ ಮೇಸ್ತ್ರಿ ಫಿನಿಯಾಸ್ ಗೇಜ್ ಎಂಬವನ ಕೆನ್ನೆಯಿಂದ ಹೊಕ್ಕ ಕಬ್ಬಿಣದ ಸಲಾಕೆಯೊಂದು ತಲೆಯ ಮೇಲ್ಭಾಗದಿಂದ ಹೊರಬಂದಿತ್ತು. ಆಶ್ಚರ್ಯಕರವಾಗಿ ಆತ ಬದುಕಿದ, ನಡೆದಾಡಿದ, ಮಾತಾಡಿದ. ಆದರೆ ಜವಾಬ್ದಾರಿಯುತನಾಗಿದ್ದ ಆತ ಒರಟನೂ ಚಂಚಲನೂ ಆಗಿಬಿಟ್ಟನೆಂದು ಆತನ ವೈದ್ಯ ಜಾನ್ ಹಾರ್ಲೋ 1868ರಲ್ಲಿ ಬರೆದರು. ಮೆದುಳಿಗಾದ ಗಾಯವು ಸ್ವಭಾವವನ್ನೇ ಬದಲಿಸಬಲ್ಲದು ಎಂಬುದಕ್ಕೆ ವೈದ್ಯಲೋಕ ಇಂದಿಗೂ ಈ ಘಟನೆಯನ್ನು ಉದಾಹರಿಸುತ್ತದೆ. ಆದರೆ ಇದೇ ಕತೆಯ ಇನ್ನೊಂದು ಭಾಗವನ್ನು ಹೆಚ್ಚಿನವರು ಹೇಳುವುದಿಲ್ಲ. ಗೇಜ್ ಬಳಿಕ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಗಾಡಿಯ ಚಾಲಕನಾಗಿ ದುಡಿದ. ದಿನವೂ ಅದೇ ಸಮಯ, ಅದೇ ದಾರಿ, ಅದೇ ಕೆಲಸ. ಈ ಶಿಸ್ತಿನ ದಿನಚರಿಯೇ ಆತನನ್ನು ಮರಳಿ ಮನುಷ್ಯರ ನಡುವೆ ನಿಲ್ಲಿಸಿರಬೇಕೆಂದು ಆತನ ಜೀವನವನ್ನು ಅಧ್ಯಯನ ಮಾಡಿದ ಇತ್ತೀಚಿನ ಸಂಶೋಧಕರು ಅಭಿಪ್ರಾಯಪಡುತ್ತಾರೆ. ಬದಲಾವಣೆ ನಿಜ, ಚೇತರಿಕೆಯೂ ನಿಜ. ಇವೆರಡನ್ನೂ ನಾವು ಒಟ್ಟಿಗೇ ಅರಿತುಕೊಳ್ಳಬೇಕಾಗಿದೆ.

ಆದರೆ ನಮ್ಮಲ್ಲಿ ಆಗುತ್ತಿರುವುದೇನು? ಶಾಂತ ಸ್ವಭಾವದ ಮಗ ಅಪಘಾತದ ಬಳಿಕ ಬೈಯತೊಡಗಿದರೆ 'ಯಾರೋ ಮಾಟ ಮಾಡಿಸಿದ್ದಾರೆ', 'ಜಿನ್ನ್ ಹೊಕ್ಕಿದೆ' ಎಂಬ ಮಾತು ಹುಟ್ಟಿಕೊಳ್ಳುತ್ತದೆ. ತಾವೀಝು ಕಟ್ಟುವವನು, ನೂಲು ಮಂತ್ರಿಸಿ ಕೊಡುವವನು ಮನೆಗೆ ಬರುತ್ತಾನೆ. ಫಿಸಿಯೋಥೆರಪಿಗೆ ಹಣವಿಲ್ಲ ಎನ್ನುವ ಮನೆಯಿಂದ ಈತನ ಕೈಗೆ ಸಾವಿರಗಳು ಹೋಗುತ್ತವೆ. ಅದಕ್ಕಿಂತಲೂ ಅಪಾಯದ ಸಂಗತಿಯೆಂದರೆ, ಫಿಟ್ಸ್ ಬಾರದಂತೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಈತನ ಮಾತು ಕೇಳಿ ನಿಲ್ಲಿಸಿಬಿಡುವುದು. ಹಾಗೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಿ ಪ್ರಾಣಕ್ಕೇ ಕುತ್ತು ಬರಬಹುದು. ರೋಗಿಗಾಗಿ ಪ್ರಾರ್ಥಿಸುವುದು ಬೇರೆ, ಗಾಯಕ್ಕೆ ಭೂತದ ಹೆಸರಿಟ್ಟು ಚಿಕಿತ್ಸೆಯನ್ನು ತಪ್ಪಿಸುವುದು ಬೇರೆ. ಮೊದಲನೆಯದ್ದು ಆಸರೆ, ಎರಡನೆಯದ್ದು ಅನ್ಯಾಯ.

ಇನ್ನೊಂದು ತಪ್ಪು ಇದಕ್ಕಿಂತ ಸಭ್ಯವಾಗಿ ನಡೆಯುತ್ತದೆ. ಅವಿವಾಹಿತ ಯುವಕನಾದರೆ 'ಮದುವೆ ಮಾಡಿಸಿ, ಎಲ್ಲ ಸರಿ ಹೋಗುತ್ತದೆ' ಎಂದು ಹಿರಿಯರು ಸಲಹೆ ಕೊಡುತ್ತಾರೆ. ಗಾಯದ ವಿಷಯವನ್ನು ಮುಚ್ಚಿಟ್ಟು ಬಡವರ ಮನೆಯ ಹೆಣ್ಣೊಬ್ಬಳನ್ನು ತರಲಾಗುತ್ತದೆ. ಆಕೆ ಪತ್ನಿಯಾಗಿ ಬರುತ್ತಾಳೆ, ಸಂಬಳವಿಲ್ಲದ ದಾದಿಯಾಗಿ ಉಳಿಯುತ್ತಾಳೆ. ಇದನ್ನು ಚಿಕಿತ್ಸೆ ಎನ್ನಬಹುದೇ? ಎಲ್ಲವನ್ನೂ ತಿಳಿದು ಆಕೆ ಒಪ್ಪುವುದಾದರೆ ಆ ಮಾತು ಬೇರೆ. ತಿಳಿಸದೆ ಕಟ್ಟಿಹಾಕುವುದು ವಂಚನೆಯಲ್ಲದೆ ಇನ್ನೇನು?

ಹಾಗಾದರೆ ಮಾಡಬೇಕಾದುದೇನು? ಮೆದುಳಿನ ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿರುತ್ತದೆ. ಬಳಿಕ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ವರ್ಷಗಳ ಬಳಿಕವೂ ಹೊಸ ಅಭ್ಯಾಸಗಳನ್ನು ಕಲಿಯಲು ಸಾಧ್ಯವಿದೆ. ಈ ಚೇತರಿಕೆಯ ಹೆಚ್ಚಿನ ಭಾಗ ನಡೆಯುವುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ನೆನಪಿನ ಶಕ್ತಿ ಕುಂದಿದವನಿಗೆ 'ನೆನಪಿಲ್ವಾ' ಎಂದು ಗದರುವುದರಿಂದ ನೆನಪು ಮರಳುವುದಿಲ್ಲ. ಆತನ ಕಿಸೆಯಲ್ಲೊಂದು ಪುಟ್ಟ ಪುಸ್ತಕವಿರಲಿ, ಗೋಡೆಯಲ್ಲಿ ದಿನದ ಕೆಲಸಗಳ ಪಟ್ಟಿಯಿರಲಿ, ಮಾತ್ರೆಯ ಹೊತ್ತಿಗೆ ಮೊಬೈಲಿನಲ್ಲಿ ಅಲಾರಂ ಇರಲಿ. ಕೀ, ಕನ್ನಡಕ, ಚಪ್ಪಲಿ ಯಾವಾಗಲೂ ಒಂದೇ ಜಾಗದಲ್ಲಿರಲಿ. ಒಮ್ಮೆಗೆ ಒಂದೇ ಮಾತು ಹೇಳಬೇಕು, ಒಂದೇ ಕೆಲಸ ಕೊಡಬೇಕು. ಮೆದುಳಿಗೆ ಗಾಯವಾದವರು ಬೇಗನೆ ದಣಿಯುತ್ತಾರೆ. ಗದ್ದಲ, ಜನಜಂಗುಳಿ, ಜೋರಾದ ಟಿವಿ ಅವರನ್ನು ಕೆರಳಿಸುತ್ತದೆ. ಆದ್ದರಿಂದ ಮದುವೆ ಮನೆಗೆ ಕರೆದೊಯ್ದರೂ ಬೇಗ ಮರಳುವುದೊಳಿತು. ಸಿಟ್ಟು ಬಂದಾಗ ವಾದಿಸದೆ ಮಕ್ಕಳನ್ನು ಆ ಜಾಗದಿಂದ ಕರೆದುಕೊಂಡು ಹೋಗುವುದು ಜಾಣತನ. ಹೊಡೆತ ಬಡಿತಕ್ಕೆ ತಿರುಗಿದರೆ ಅದನ್ನು ಸಹಿಸಿಕೊಂಡು ಮುಚ್ಚಿಡಬಾರದು, ತಡಮಾಡದೆ ವೈದ್ಯರಿಗೆ ತಿಳಿಸಬೇಕು. ವೈದ್ಯರು ಒಪ್ಪುವವರೆಗೆ ವಾಹನ ಚಲಾಯಿಸಲು ಬಿಡಲೇಬಾರದು.

ಸಹಾಯ ಸಿಗುವ ಜಾಗಗಳು ನಮ್ಮ ರಾಜ್ಯದಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ನೆನಪು, ಏಕಾಗ್ರತೆ, ವರ್ತನೆಗಳನ್ನು ಪರೀಕ್ಷಿಸಿ ತರಬೇತಿ ಕೊಡುವ ಮನಶ್ಶಾಸ್ತ್ರಜ್ಞರಿದ್ದಾರೆ, ಮನೆಯವರೊಂದಿಗೆ ಮಾತಾಡುವ ಸಮಾಜ ಕಾರ್ಯಕರ್ತರಿದ್ದಾರೆ. ಮಾತು ಕಳೆದುಕೊಂಡವರಿಗೆ, ಹೇಳಬೇಕಾದ ಪದ ನಾಲಗೆಗೆ ಬಾರದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲಿಯೇ ತರಬೇತಿಯಿದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರಕಾರವು 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಯೋಜನೆಯಡಿ ಜಿಲ್ಲಾಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯ ಕ್ಲಿನಿಕ್‍ಗಳು ತೆರೆದುಕೊಂಡಿವೆ. ಬೆಂಗಳೂರಿಗೆ ಹೋಗಲಾಗದವರು ಮೊದಲು ತಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಲಿ. ಆರೈಕೆ ಮಾಡಿ ಮಾಡಿ ಸ್ವತಃ ಕುಸಿಯುತ್ತಿರುವವರು 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಈ ಉಚಿತ ಸೇವೆ ರೋಗಿಗೆ ಮಾತ್ರವಲ್ಲ, ಮನೆಯವರಿಗೂ ಇದೆ.

ಕಾಗದಪತ್ರಗಳ ವಿಷಯದಲ್ಲಿ ನಮ್ಮವರ ಉದಾಸೀನ ದೊಡ್ಡದು. ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ಸ್ಕ್ಯಾನಿಂಗ್ ವರದಿ, ಔಷಧದ ಬಿಲ್ಲುಗಳು, ಎಫ್‌ಐಆರ್ ಪ್ರತಿ, ಇವೆಲ್ಲ ಒಂದು ಫೈಲಿನಲ್ಲಿರಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಪಘಾತದ ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಸಲ್ಲಿಸಬೇಕು. ಮಧ್ಯವರ್ತಿಯ ಮಾತಿಗೆ ಮರುಳಾಗಿ ಸಿಕ್ಕಿದ ಅಲ್ಪ ಮೊತ್ತಕ್ಕೆ ಸಹಿ ಹಾಕುವವರು ಒಂದು ತೀರ್ಪನ್ನು ತಿಳಿದಿರಬೇಕು. 2007ರಲ್ಲಿ ಹರ್ಯಾಣದಲ್ಲಿ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ ಹನ್ನೆರಡರ ಬಾಲಕಿಯೊಬ್ಬಳ ಮೆದುಳಿಗೆ ಲಾರಿ ಡಿಕ್ಕಿಯಿಂದ ತೀವ್ರ ಗಾಯವಾಗಿತ್ತು. 2020ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟು ಆಕೆಗೆ 62 ಲಕ್ಷ ರೂಪಾಯಿಗೂ ಹೆಚ್ಚಿನ ಪರಿಹಾರವನ್ನು ಘೋಷಿಸಿತು. ಅದರಲ್ಲಿ 21 ಲಕ್ಷದ 60 ಸಾವಿರ ರೂಪಾಯಿ ಆಕೆಯನ್ನು ನೋಡಿಕೊಳ್ಳುವ ಇಬ್ಬರು ಆರೈಕೆದಾರರ ಖರ್ಚಿಗೆಂದೇ ಲೆಕ್ಕ ಹಾಕಲಾಗಿತ್ತು. ಆರೈಕೆಯು ಶ್ರಮ, ಅದಕ್ಕೆ ಬೆಲೆಯಿದೆ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಒಪ್ಪಿಕೊಂಡಿದೆ. ನಮ್ಮ ಮನೆಗಳು ಯಾವಾಗ ಒಪ್ಪಿಕೊಳ್ಳುತ್ತವೆ?

ಮನೆಗಳನ್ನು ಪ್ರಶ್ನಿಸಿದ ಮೇಲೆ ಸರಕಾರವನ್ನೂ ಪ್ರಶ್ನಿಸಲೇಬೇಕು. ರಸ್ತೆ ಅಪಘಾತದ ಗಾಯಾಳುಗಳಿಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರಕಾರವು 2025ರ ಮೇ ತಿಂಗಳಲ್ಲಿ ಜಾರಿಗೆ ತಂದಿತು. ಸ್ವಾಗತಾರ್ಹ ಹೆಜ್ಜೆ. ಆದರೆ ಅದರ ಅವಧಿ ಅಪಘಾತದ ದಿನದಿಂದ ಏಳು ದಿನ. ಮೆದುಳಿಗೆ ಪೆಟ್ಟು ಬಿದ್ದ ಎಷ್ಟೋ ಮಂದಿ ಏಳನೇ ದಿನ ಕಣ್ಣನ್ನೇ ತೆರೆದಿರುವುದಿಲ್ಲ. ಎಂಟನೇ ದಿನದಿಂದ ಅವರ ಹೊಣೆ ಯಾರದು? ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ ನಿಜ. ಆದರೆ ಮನೆಯಲ್ಲಿ ತಿಂಗಳುಗಟ್ಟಲೆ ಬೇಕಾಗುವ ಫಿಸಿಯೋಥೆರಪಿ, ಮಾತಿನ ತರಬೇತಿ, ಬೆಂಗಳೂರಿಗೆ ಹೋಗಿಬರುವ ಬಸ್ಸಿನ ಖರ್ಚು, ಕೆಲಸ ಬಿಟ್ಟು ಮನೆಯಲ್ಲಿ ಕೂತವಳ ನಷ್ಟ, ಇವನ್ನೆಲ್ಲ ಭರಿಸುವುದು ಕುಟುಂಬವೇ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಮೆದುಳಿನ ಗಾಯದ ಹೆಸರಿಲ್ಲ. ಗಾಯದಿಂದ ಕೈಕಾಲು ಸ್ವಾಧೀನ ಕಳೆದುಕೊಂಡಿದ್ದರೆ ಚಲನ ವೈಕಲ್ಯದಡಿ, ಮಾತು ಹೋಗಿದ್ದರೆ ಮಾತು ಮತ್ತು ಭಾಷೆಯ ವೈಕಲ್ಯದಡಿ ಪ್ರಮಾಣ ಪತ್ರ ಮತ್ತು ಯುಡಿಐಡಿ ಕಾರ್ಡ್ ಪಡೆಯಬಹುದು. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40 ವೈಕಲ್ಯ ಇರಬೇಕು. ಹಾಗಿದ್ದರೆ ಕೈಕಾಲು ಸರಿಯಿದ್ದು ನೆನಪು, ತಾಳ್ಮೆ, ವಿವೇಚನೆಗಳಷ್ಟೇ ಕೆಟ್ಟ ನಮ್ಮ ಆ ಯುವಕ ಯಾವ ಪಟ್ಟಿಗೆ ಸೇರುತ್ತಾನೆ? ಆ ಪಟ್ಟಿಯಲ್ಲಿ ಇದಕ್ಕೆ ನೇರವಾದ ಉತ್ತರವಿಲ್ಲ. ಇದೇ ಕಾಯ್ದೆಯ 24ನೇ ಕಲಮು ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಬಗ್ಗೆ ಮಾತಾಡುತ್ತದೆ. ನೆರೆಯ ಕೇರಳವು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಎಂಬ ಯೋಜನೆಯನ್ನೇ ರೂಪಿಸಿದೆ. ಮೊತ್ತ ಸಣ್ಣದಿರಬಹುದು, ಆದರೆ ಆರೈಕೆ ಮಾಡುವವರು ಸರಕಾರದ ಕಣ್ಣಿಗೆ ಬಿದ್ದಿದ್ದಾರೆ ಎಂಬುದು ಮುಖ್ಯ. ಕರ್ನಾಟಕದಲ್ಲಿ ಮೆದುಳಿನ ಗಾಯಾಳುಗಳನ್ನು ನೋಡಿಕೊಳ್ಳುತ್ತಿರುವ ಪ್ರತಿಯೊಬ್ಬರಿಗೂ ಇಂಥ ಭತ್ಯೆ ತಲುಪಬೇಕೆಂದು ಶಾಸಕರನ್ನು ಕೇಳುವವರು ಯಾರು? ಚುನಾವಣೆಯ ಹೊತ್ತಿಗೆ ಮನೆ ಬಾಗಿಲಿಗೆ ಬರುವವರೊಂದಿಗೆ ರಸ್ತೆ, ಚರಂಡಿಗಳ ಜೊತೆ ಇದನ್ನೂ ಕೇಳಬಾರದೇಕೆ?

ಸರಕಾರ ಮಾಡುವವರೆಗೆ ಕಾಯಬೇಕೆಂದೂ ಇಲ್ಲ. 1979ರಲ್ಲಿ ಬ್ರಿಟನ್ನಿನಲ್ಲಿ ಹೆಡ್‍ವೇ ಎಂಬ ಸಂಸ್ಥೆ ಆರಂಭವಾಯಿತು. ಇಂದು ಅಲ್ಲಿನ ಹಲವು ಊರುಗಳಲ್ಲಿ ಅದರ ಬಳಗಗಳಿವೆ, ಮೆದುಳಿಗೆ ಗಾಯವಾದವರೂ ಅವರ ಮನೆಯವರೂ ಅಲ್ಲಿ ಒಟ್ಟು ಸೇರುತ್ತಾರೆ. ನಮ್ಮ ದೇಶದಲ್ಲಿ ಜೋಧಪುರದ ಗಜ್ ಸಿಂಗ್ ಅವರು 2005ರಲ್ಲಿ ಪೋಲೋ ಆಟದ ವೇಳೆ ಮಗನ ತಲೆಗೆ ತೀವ್ರ ಪೆಟ್ಟಾದ ಬಳಿಕ ಇಂಡಿಯನ್ ಹೆಡ್ ಇಂಜುರಿ ಫೌಂಡೇಶನ್ ಕಟ್ಟಿದರು. ರಾಜಮನೆತನದ ತಂದೆಗೇ ಈ ದೇಶದಲ್ಲಿ ಪುನರ್ವಸತಿಯ ಕೊರತೆ ಅರಿವಾಗಿದ್ದರೆ ಬೀಡಿ ಕಟ್ಟುವ ತಾಯಿಯ ಪಾಡೇನು? ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಆರಂಭವಾದ ಸಾಂತ್ವನ ಚಿಕಿತ್ಸೆಯ ಪುಟ್ಟ ಕ್ಲಿನಿಕ್ ಮುಂದೆ ಮಲಪ್ಪುರಮ್ ಜಿಲ್ಲೆಯ ಬೀದಿ ಬೀದಿಗಳಲ್ಲಿ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. ಶಿಕ್ಷಕರು, ವ್ಯಾಪಾರಿಗಳು, ವಿದ್ಯಾರ್ಥಿಗಳು, ಎಲ್ಲ ಧರ್ಮದವರು ತರಬೇತಿ ಪಡೆದು ವಾರಕ್ಕೆ ಕೆಲವು ಗಂಟೆಗಳನ್ನು ನೆರೆಮನೆಯ ರೋಗಿಗಾಗಿ ಮೀಸಲಿಟ್ಟರು. ನಮ್ಮಿಂದ ಕೆಲವೇ ಗಂಟೆಗಳ ದೂರದಲ್ಲಿರುವ ಈ ಮಾದರಿಯನ್ನು ನಾವು ಯಾಕೆ ಕಣ್ಣೆತ್ತಿ ನೋಡುತ್ತಿಲ್ಲ?

ಕೆಲಸ ಸಣ್ಣದರಿಂದ ಆರಂಭವಾಗಲಿ. ಪ್ರತಿ ಜಮಾಅತ್‌ನಲ್ಲಿ, ಪ್ರತಿ ಬೀದಿಯಲ್ಲಿ ತಲೆಗೆ ಪೆಟ್ಟಾದವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು ಎಷ್ಟಿದ್ದಾರೆ ಎಂದು ಮೊದಲು ತಿಳಿದುಕೊಳ್ಳೋಣ. ತಿಂಗಳಿಗೊಮ್ಮೆ ಆ ಮನೆಗಳ ಹೆಂಗಸರು ಒಂದೆಡೆ ಕುಳಿತು ಮನಬಿಚ್ಚಿ ಮಾತಾಡುವ ಏರ್ಪಾಡು ಮಾಡೋಣ. ಒಬ್ಬಳ ಅನುಭವ ಇನ್ನೊಬ್ಬಳಿಗೆ ಔಷಧವಾಗುತ್ತದೆ. ಕಾನೂನು ಬಲ್ಲ ಯುವಕರು ಪರಿಹಾರದ ಅರ್ಜಿ, ಯುಡಿಐಡಿ ಅರ್ಜಿಗಳನ್ನು ತುಂಬಿಸಿಕೊಡಲಿ. ಗಾಯಗೊಂಡವನ ಹಳೆಯ ಗೆಳೆಯರು ಸರದಿಯಂತೆ ವಾರಕ್ಕೆರಡು ಗಂಟೆ ಆತನೊಂದಿಗೆ ನಡೆದಾಡಲಿ. ಆ ಎರಡು ಗಂಟೆ ಆತನಿಗೆ ಚಿಕಿತ್ಸೆ, ಆತನ ಪತ್ನಿಗೆ ವಿಶ್ರಾಂತಿ. ಮಸೀದಿಯಲ್ಲಿ ಸಂಗ್ರಹಿಸುವ ಹಣದ ಒಂದು ಪಾಲು ಆಪರೇಷನ್ನಿನ ಬಿಲ್ಲಿಗೆ ಹೋಗುವಂತೆಯೇ ಇನ್ನೊಂದು ಪಾಲು ಆರು ತಿಂಗಳ ಫಿಸಿಯೋಥೆರಪಿಗೂ ಹೋಗಲಿ. ರೋಗಿಯನ್ನು ಸಂದರ್ಶಿಸುವುದು ನಮಗೆ ಕಲಿಸಲಾದ ಕರ್ತವ್ಯ. ಅದು ಆಸ್ಪತ್ರೆಯ ವಾರ್ಡಿನಲ್ಲಿ ಹಣ್ಣಿನ ಚೀಲ ಕೊಟ್ಟು ಬರುವುದರೊಂದಿಗೆ ಮುಗಿಯುತ್ತದೆಯೇ?

ಇನ್ನು, ಇದನ್ನೆಲ್ಲ ಓದಿ ಬೈಕಿನ ಕೀ ಎತ್ತಿಕೊಳ್ಳುವ ಯುವಕರಿಗೂ ಒಂದು ಮಾತು. 2022ರಲ್ಲಿ ಹೆಲ್ಮೆಟ್ ಇಲ್ಲದೆ ಬೈಕು, ಸ್ಕೂಟರುಗಳಲ್ಲಿ ಹೋಗಿ ಸತ್ತವರ ಸಂಖ್ಯೆ ಈ ದೇಶದಲ್ಲಿ 50,029. ಅವರಲ್ಲಿ 14,337 ಮಂದಿ ಹಿಂಬದಿ ಸವಾರರು. ಪೊಲೀಸರನ್ನು ಕಂಡಾಗ ತಲೆಗೇರುವ, ತಿರುವು ದಾಟಿದಾಗ ಕೈಗಿಳಿಯುವ ಹೆಲ್ಮೆಟ್ ಯಾರನ್ನೂ ಕಾಪಾಡುವುದಿಲ್ಲ.

ಆ ದಿನ ಆ ಸಹೋದರಿಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮರುವಾರ ಆತನ ಇಬ್ಬರು ಹಳೆಯ ಗೆಳೆಯರನ್ನು ಕರೆದುಕೊಂಡು ಮತ್ತೆ ಹೋದೆವು. ಅಂಗಡಿಯ ಬಾಗಿಲು ತೆರೆದು ಆತನ ಮುಂದೆ ಒಂದು ಹಳೆಯ ಮೊಬೈಲ್ ಇಟ್ಟೆವು. ಕೈಗಳು ಮರೆತಿರಲಿಲ್ಲ. ಸ್ಕ್ರೂ ಬಿಚ್ಚಿದ, ಬ್ಯಾಟರಿ ತೆಗೆದ. ಮುಂದೇನು ಎಂಬುದು ಮಾತ್ರ ನೆನಪಾಗಲಿಲ್ಲ. ಗೆಳೆಯನೊಬ್ಬ ಕಾಗದದಲ್ಲಿ ಒಂದು, ಎರಡು, ಮೂರು ಎಂದು ಬರೆದುಕೊಟ್ಟ. ಅದನ್ನು ನೋಡಿಕೊಂಡು ಮೊಬೈಲನ್ನು ಪುನಃ ಜೋಡಿಸಿದ. ಅಷ್ಟಕ್ಕೇ ದಣಿದು ಮನೆಗೆ ಹೋಗೋಣ ಎಂದ. ಈಗ ಆ ಗೆಳೆಯರು ವಾರಕ್ಕೆರಡು ದಿನ ಬರುತ್ತಿದ್ದಾರೆ. ಆತ ಮೊದಲಿನಂತೆ ಆಗುತ್ತಾನೆಂದು ನಾವು ಭರವಸೆ ಕೊಡಲಾರೆವು. ಆದರೆ ಆ ಎರಡು ದಿನ ಆ ಮನೆಯಲ್ಲಿ ಒಬ್ಬಾಕೆ ಒಂದು ಗಂಟೆ ನಿಶ್ಚಿಂತೆಯಿಂದ ಮಲಗುತ್ತಾಳೆ. ನಿಮ್ಮ ಬೀದಿಯಲ್ಲಿಯೂ ಅಂಥ ಮನೆಯೊಂದಿದೆ. ಅಲ್ಲಿಗೆ ನೀವು ಕೊನೆಯ ಬಾರಿ ಹೋದದ್ದು ಯಾವಾಗ?